ಅಷ್ಟಮಿಗೆ ನೀರು ಇಷ್ಟು ಇಳಿಯುವುದಿಲ್ಲ: ಕಾರವಾರದ ಒಂದು ಏಕವ್ಯಕ್ತಿ ಅಮೂರ್ತ ಚಿತ್ರ ಪ್ರದರ್ಶನದ ಪ್ರಕರಣ ಅಧ್ಯಯನ

ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಕೂತು ಆರು ವರ್ಷ ಕೆಸರು, ಬೇರು, ನೀರುಗಳನ್ನು ನೋಡಿ ಅಮೂರ್ತ ಚಿತ್ರಗಳನ್ನು ರಚಿಸಿದ ಕಲಾವಿದೆಯೊಬ್ಬರ ಮೊದಲ ಏಕವ್ಯಕ್ತಿ ಪ್ರದರ್ಶನವು ಕಾರವಾರದಲ್ಲಿ ಹತ್ತು ದಿನ ನಡೆಯಿತು. ಅದರ ಸಂಯೋಜನೆಯ ಹೊಣೆ ನನ್ನ ಮೇಲಿತ್ತು. ಆ ಹತ್ತು ದಿನಗಳಲ್ಲಿ ನಾವು ತೆಗೆದುಕೊಂಡ, ತಿದ್ದಿಕೊಂಡ, ಕೆಲವೊಮ್ಮೆ ಪೂರ್ತಿ ಕೈಬಿಟ್ಟ ನಿರ್ಧಾರಗಳನ್ನು ಇಲ್ಲಿ ದಾಖಲಿಸಿದ್ದೇನೆ. ಬರವಣಿಗೆಗೆ ಕಲಾವಿದೆಯ ಒಪ್ಪಿಗೆ ಇದೆ. ಅವರ, ಗ್ಯಾಲರಿಯ ಮತ್ತು ಚಿತ್ರ ಕೊಂಡವರ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಕ್ಕಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಪ್ರದರ್ಶನದಲ್ಲಿ ನಡೆದ ದೊಡ್ಡ ತಪ್ಪು ನನ್ನದೇ ಆದ್ದರಿಂದ ಅದನ್ನು ಬದಲಿಸುವ ಅಗತ್ಯ ಕಾಣಲಿಲ್ಲ.

ಹಿನ್ನೆಲೆ

ಕಲಾವಿದೆ ಘಟ್ಟದ ಮೇಲಿನವರು. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದು, ಬಯಲುಸೀಮೆಯ ಕಲಾಶಾಲೆಯೊಂದರಲ್ಲಿ ಕಲಿತು, ಚಿತ್ರಕಲಾ ಶಿಕ್ಷಕಿಯಾಗಿ ಕರಾವಳಿಗೆ ಬಂದವರು. ಮೊದಲ ಕೆಲವು ವರ್ಷ ಎಲ್ಲರಂತೆ ದೋಣಿ, ಬಲೆ, ಸದಾಶಿವಗಡದ ಗುಡ್ಡ, ಮುಳುಗುವ ಸೂರ್ಯ ಇವನ್ನೇ ಜಲವರ್ಣದಲ್ಲಿ ಬರೆದರು. ಅವು ಚೆನ್ನಾಗಿಯೇ ಇದ್ದವು, ಮಾರಾಟವೂ ಆಗುತ್ತಿದ್ದವು. ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಹೋಗಿ ಕೂರಲು ಶುರು ಮಾಡಿದ ಮೇಲೆ ಅವರ ಕೆಲಸ ಬದಲಾಯಿತು.

ಆ ಬದಲಾವಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ತೊಡಕುಗಳೆಲ್ಲ ಅದರಿಂದಲೇ ಹುಟ್ಟಿದವು. ಕಾಂಡ್ಲಾ ಎಂದು ನಾವು ಒಟ್ಟಾರೆ ಕರೆಯುವ ಗಿಡಗಳಲ್ಲಿ ಹಲವು ಜಾತಿಗಳಿವೆ. ರೈಜೋಫೋರಾ ಜಾತಿಯದು ಕಾಂಡದಿಂದ ಬಿಲ್ಲಿನಂತೆ ಬಾಗಿದ ಊರುಬೇರುಗಳನ್ನು ಸುತ್ತಲೂ ಇಳಿಬಿಡುತ್ತದೆ. ಅವಿಸೆನ್ನಿಯಾ ಜಾತಿಯದು, ನೀರು ತುಂಬಿದ ಕೆಸರಿನೊಳಗೆ ಪ್ರಾಣವಾಯು ಸಿಗದ ಕಾರಣ, ಬೇರುಗಳನ್ನೇ ಮೇಲಕ್ಕೆ ಕಳುಹಿಸುತ್ತದೆ. ಇಳಿತದ ಹೊತ್ತಿಗೆ ಅವು ಕೆಸರಿನ ತುಂಬ ಪೆನ್ಸಿಲ್ ನೆಟ್ಟಂತೆ ಸಾಲುಸಾಲಾಗಿ ನಿಂತಿರುತ್ತವೆ. ಕಲಾವಿದೆ ಮೊದಲು ಬೇರುಗಳನ್ನು ಇದ್ದಂತೆಯೇ ಬರೆದರು. ಎರಡನೆಯ ವರ್ಷಕ್ಕೆ ಬೇರುಗಳ ನಡುವಿನ ಸಂದುಗಳನ್ನು ಬರೆಯತೊಡಗಿದರು. ಆಮೇಲೆ ಸಂದುಗಳಲ್ಲಿ ನಿಂತ ನೀರಿನ ಮೇಲೆ ಬೀಳುವ ಬೇರಿನ ಬಿಂಬವೂ ನಿಜವಾದ ಬೇರೂ ಸೇರಿ ಆಗುವ ಒಂದೇ ಉದ್ದ ಗೆರೆಯನ್ನು ಹಿಡಿದರು. ಅಲ್ಲಿಗೆ ಬೇರು ಯಾವುದು, ಬಿಂಬ ಯಾವುದು, ನೀರಿನ ಮಟ್ಟ ಎಲ್ಲಿ ಎಂಬುದು ಚಿತ್ರದಿಂದ ಹೊರಟುಹೋಯಿತು. ಉಳಿದದ್ದು ನಿಂತ ಗೆರೆಗಳು, ಅವುಗಳ ನಡುವಿನ ಅಂತರ, ಮತ್ತು ಒದ್ದೆ ಕೆಸರಿಗೆ ಮಾತ್ರ ಇರುವ, ಬೂದಿಯೂ ಅಲ್ಲದ ಕಂದೂ ಅಲ್ಲದ ಒಂದು ಬಣ್ಣ. ಇದರ ಜೊತೆಗೆ ಕಡಲದಂಡೆಯ ಇನ್ನೊಂದು ಸರಣಿಯೂ ಇತ್ತು. ಇಳಿತದಲ್ಲಿ ಸಣ್ಣ ಏಡಿಗಳು ಬಿಲದ ಸುತ್ತ ಮರಳನ್ನು ಸಾಸಿವೆ, ಮೆಣಸಿನ ಕಾಳುಗಳ ಗಾತ್ರಕ್ಕೆ ಉಂಡೆ ಕಟ್ಟಿ ಉರುಳಿಸಿ ಇಡುತ್ತವಲ್ಲ, ಮುಂದಿನ ಭರತಕ್ಕೆ ಪೂರ್ತಿ ಅಳಿಸಿಹೋಗುವ ಆ ವಿನ್ಯಾಸಗಳಿಂದ ಹುಟ್ಟಿದ ಚುಕ್ಕೆಗಳ ಚಿತ್ರಗಳು ಅವು.

ಇಂಥ ದಾರಿ ಚಿತ್ರಕಲೆಗೆ ಹೊಸದಲ್ಲ. ಡಚ್ ಕಲಾವಿದ ಪೀಟ್ ಮಾಂಡ್ರಿಯನ್ ಸುಮಾರು 1908ರಿಂದ 1913ರ ನಡುವೆ ಮರಗಳನ್ನು ಮತ್ತೆ ಮತ್ತೆ ಬರೆಯುತ್ತ ಕೊನೆಗೆ ಮರವೇ ಕಾಣದ ಗೆರೆಗಳ ಜಾಲಕ್ಕೆ ಬಂದು ಮುಟ್ಟಿದ್ದನ್ನು ಕಲಾಶಾಲೆಯ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಆದರೆ ಮಾಂಡ್ರಿಯನ್‌ನ ಮರ ಅವನಿಗಾಗಿ ನಿಂತಿತ್ತು. ನಮ್ಮ ಅಳಿವೆ ಯಾರಿಗಾಗಿಯೂ ನಿಲ್ಲುವುದಿಲ್ಲ. ದಿನಕ್ಕೆ ಎರಡು ಭರತ, ಎರಡು ಇಳಿತ. ಅದೂ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಶಾಲೆಯ ವೇಳೆ, ಹಗಲ ಬೆಳಕು, ಪೂರ್ತಿ ಇಳಿದ ನೀರು ಈ ಮೂರೂ ಕೂಡಿಬರುವುದು ತಿಂಗಳಲ್ಲಿ ಕೆಲವೇ ದಿನ. ಮಳೆಗಾಲದಲ್ಲಿ ಅದೂ ಇಲ್ಲ. ಆದ್ದರಿಂದ ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರು ನೋಡಿ ದಿನ ಗೊತ್ತುಮಾಡಿಕೊಳ್ಳುವುದು, ಸ್ಕೆಚ್ ಪುಸ್ತಕದ ಪ್ರತಿ ಪುಟದ ಮೂಲೆಯಲ್ಲಿ ತಿಥಿಯನ್ನೂ ನೀರಿನ ಸ್ಥಿತಿಯನ್ನೂ ಬರೆದಿಡುವುದು ಅವರ ಅಭ್ಯಾಸವಾಗಿತ್ತು. ಈ ಮೂಲೆಬರಹಗಳನ್ನು ನಾನು ಮೊದಲೇ ನೋಡಿದ್ದೆ. ಲೆಕ್ಕಪತ್ರದ ಟಿಪ್ಪಣಿ ಎಂದುಕೊಂಡು ಪುಟ ತಿರುವಿದ್ದೆ.

ಸಿದ್ಧತೆ ಮತ್ತು ತೊಡಕು

ಗ್ಯಾಲರಿ ಒಂದು ಹಳೆಯ ಹೆಂಚಿನ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಪಶ್ಚಿಮದ ಗೋಡೆಗೆ ಮೂರು ದೊಡ್ಡ ಕಿಟಕಿಗಳು. ಸಂಜೆ ನಾಲ್ಕರ ಮೇಲೆ ಕಡಲ ಬಿಸಿಲು ನೇರ ಎದುರುಗೋಡೆಗೆ ಬಡಿಯುತ್ತಿತ್ತು. ಕಿಟಕಿಗೆ ಎರಡು ಪದರ ಬಿಳಿ ಪಂಚೆ ಕಟ್ಟಿ ಅದನ್ನು ಪಳಗಿಸಿದೆವು. ಈ ಉಪಾಯಕ್ಕೆ ಖರ್ಚು ಬಹಳ ಕಡಿಮೆ, ಫಲ ಮಾತ್ರ ಬೆಲೆಬಾಳುವ ಪರದೆಗಳಿಗೆ ಏನೂ ಕಡಿಮೆಯಿರಲಿಲ್ಲ.

ಮೊದಲು ಗೊತ್ತುಮಾಡಿದ್ದು ಸೆಪ್ಟೆಂಬರ್. ಆಗಸ್ಟಿನಲ್ಲಿ ಕ್ಯಾನ್ವಾಸುಗಳನ್ನು ಗೋಡೆಯಿಂದ ತಿರುಗಿಸಿ ನೋಡಿದಾಗ ಆರರ ಬೆನ್ನಿನಲ್ಲಿ ಬೂಷ್ಟು ಹಿಡಿದಿತ್ತು. ಕರಾವಳಿಯಲ್ಲಿ ಮಳೆಗಾಲದ ಮೂರು ತಿಂಗಳು ಕ್ಯಾನ್ವಾಸನ್ನು ಗೋಡೆಗೆ ಒತ್ತಿ ಇಟ್ಟರೆ ಹೀಗಾಗದೆ ಇರುವುದಿಲ್ಲ. ಬಟ್ಟೆಗೆ ಹಚ್ಚಿದ ಅಂಟು ಬೂಷ್ಟಿಗೆ ಒಳ್ಳೆಯ ಆಹಾರ, ಗಾಳಿಯಾಡದ ತೇವ ಅದರ ಮನೆ. ಒಣ ಕುಂಚದಿಂದ ಹೊರಗೆ ಗಾಳಿಯಲ್ಲಿ ಉಜ್ಜಿ ತೆಗೆದು, ನೆರಳಿನಲ್ಲಿ ಒಣಗಿಸಿ, ಗೋಡೆಯಿಂದ ಒಂದು ಗೇಣು ದೂರ ಹಲಗೆಯ ಮೇಲೆ ನಿಲ್ಲಿಸಿದೆವು. ನಾಲ್ಕು ಉಳಿದವು. ಎರಡರಲ್ಲಿ ಕಲೆ ಮುಂಭಾಗಕ್ಕೂ ಬಂದಿತ್ತು. ಪ್ರಕೃತಿಯ ಆಕಾರಗಳ ಪ್ರದರ್ಶನವೇ ಅಲ್ಲವೆ, ಬೂಷ್ಟೂ ಪ್ರಕೃತಿಯೇ, ಹಾಗೆಯೇ ತೂಗುಹಾಕೋಣ ಎಂದು ಗ್ಯಾಲರಿಯವರೊಬ್ಬರು ಹೇಳಿದರು. ಕಲಾವಿದೆ ನಗಲಿಲ್ಲ. ಎರಡನ್ನೂ ಪಟ್ಟಿಯಿಂದ ತೆಗೆದರು, ದಿನವನ್ನು ದೀಪಾವಳಿಯ ಆಚೆಗೆ ಹಾಕಲು ಕೇಳಿದರು. ಆ ಮುಂದೂಡಿಕೆಯಿಂದ ಅಚ್ಚಾದ ಆಮಂತ್ರಣ ಪತ್ರಿಕೆಗಳು ದಂಡವಾದವು. ಉಳಿದಂತೆ ಒಳ್ಳೆಯದೇ ಆಯಿತು.

ಒಟ್ಟು 34 ಚಿತ್ರಗಳಿಂದ 23ಕ್ಕೆ ಇಳಿಸುವುದು ಸುಲಭವಾಗಿತ್ತು. ಕಷ್ಟವಾದದ್ದು ಹೆಸರಿನ ಪ್ರಶ್ನೆ. ಎರಡು ವರ್ಷದ ಹಿಂದೆ ಒಂದು ಗುಂಪು ಪ್ರದರ್ಶನದಲ್ಲಿ ಇವರ ಮೂರು ಚಿತ್ರಗಳನ್ನು ‘ಶೀರ್ಷಿಕೆಯಿಲ್ಲ 1, 2, 3’ ಎಂದು ತೂಗುಹಾಕಿದ್ದರು. ಜನ ಬಂದರು, ‘ಇದು ಎಂತದು ಅಕ್ಕೋರೆ?’ ಎಂದು ಕೇಳಿದರು, ಉತ್ತರ ಸಿಗದೆ ಪಕ್ಕದ ಯಕ್ಷಗಾನದ ವೇಷದ ಚಿತ್ರಕ್ಕೆ ಹೋದರು. ಅಭಿಪ್ರಾಯ ಪುಸ್ತಕದಲ್ಲಿ ಒಬ್ಬರು ‘ಬಣ್ಣ ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರು. ಆ ಎರಡು ಪದಗಳು ತಮ್ಮನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿದವು ಎಂದು ಕಲಾವಿದೆ ನನಗೆ ಹೇಳಿದ್ದರು. ಏಕವ್ಯಕ್ತಿ ಪ್ರದರ್ಶನದಲ್ಲಿ ಪಕ್ಕದಲ್ಲಿ ಯಕ್ಷಗಾನದ ವೇಷವೂ ಇರುವುದಿಲ್ಲ. ಜನ ಬಾಗಿಲಿನಿಂದಲೇ ಹಿಂದಿರುಗಬಹುದು. ಗ್ಯಾಲರಿಯವರ ಚಿಂತೆಯೂ ಅದೇ. ಪ್ರತಿ ಚಿತ್ರಕ್ಕೂ ಅರ್ಥವಾಗುವ ಹೆಸರು ಬೇಕು, ಸಾಧ್ಯವಾದರೆ ಎರಡು ಸಾಲಿನ ವಿವರಣೆಯೂ ಬೇಕು ಎಂದು ಅವರು ಪಟ್ಟುಹಿಡಿದರು.

ಅದಕ್ಕೂ ಮೊದಲು ನಾನು ಪರಿಚಯ ಪತ್ರಿಕೆಗೆ ಒಂದು ಲೇಖನ ಬರೆದು ಕೊಟ್ಟಿದ್ದೆ. ಅದರಲ್ಲಿ ಭಾರತದ ಹೆಸರಾಂತ ಚಿತ್ರಕಾರ ವಿ. ಎಸ್. ಗಾಯತೊಂಡೆಯವರು ತಮ್ಮ ಕೃತಿಗಳನ್ನು ಅಮೂರ್ತ ಎನ್ನುವುದಕ್ಕಿಂತ ವಸ್ತುರಹಿತ ಎಂದು ಕರೆಯಲು ಬಯಸಿದ್ದನ್ನು ಹೇಳಿ, ಅಲ್ಲಿಂದ ನೇರ ಶಿರಸಿ–ಸಿದ್ದಾಪುರ ಕಡೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರಕ್ಕೆ ಹಾರಿ, ಕೆಮ್ಮಣ್ಣಿನ ಗೋಡೆಯ ಮೇಲಿನ ಆ ಬಿಳಿ ಗೆರೆಗಳೇ ನಮ್ಮ ಅಮೂರ್ತ ಕಲೆ, ಈ ಕಲಾವಿದೆ ಅದರ ವಾರಸುದಾರೆ ಎಂದು ಮುಗಿಸಿದ್ದೆ. ಕಲಾವಿದೆ ಆ ಭಾಗದ ಮೇಲೆ ಅಡ್ಡಗೆರೆ ಎಳೆದು ಹಿಂದಿರುಗಿಸಿದರು. ಅವರ ಆಕ್ಷೇಪ ನ್ಯಾಯವಾಗಿತ್ತು. ಹಸೆ ಚಿತ್ತಾರವು ಮದುವೆಯಂಥ ಸಂದರ್ಭಕ್ಕೆ ಹೆಂಗಸರು ಪುಂಡಿನಾರಿನ ಕುಂಚದಿಂದ ಬರೆಯುವ ಕಲೆ. ಅದರ ಒಂದೊಂದು ಎಳೆಗೂ ಹೆಸರಿದೆ, ಬರೆಯುವವರಿಗೂ ನೋಡುವವರಿಗೂ ಅದು ಏನೆಂದು ಗೊತ್ತಿದೆ. ಹೊರಗಿನವರಿಗೆ ಅರ್ಥವಾಗದ ಮಾತ್ರಕ್ಕೆ ಅದು ಅಮೂರ್ತವಾಗುವುದಿಲ್ಲ. ಆ ಭಾಗ ಹೋದ ಮೇಲೆ ಲೇಖನದಲ್ಲಿ ಉಳಿದದ್ದು ಅರ್ಧ ಪುಟ.

ಮೊದಲ ಮೂರು ದಿನ: ಫೋಟೋಗಳು

ಹೆಸರು ಇಡಲು ಕಲಾವಿದೆ ಒಪ್ಪದಿದ್ದಾಗ ಮಧ್ಯದ ದಾರಿಯೊಂದನ್ನು ನಾನೇ ಸೂಚಿಸಿದೆ. ಚಿತ್ರಗಳಿಗೆ ಸಂಖ್ಯೆ ಮಾತ್ರ ಇರಲಿ. ಪ್ರತಿ ಚಿತ್ರದ ಪಕ್ಕದಲ್ಲಿ, ಅಂಗೈ ಅಗಲದ ಒಂದು ಫೋಟೋ ಇಡೋಣ. ಕಾಂಡ್ಲಾ ಬೇರು, ಏಡಿಯ ಮರಳುಗುಳಿಗೆ, ಯಾಣದ ಕರಿಬಂಡೆಯ ಮೈ, ಹೀಗೆ ಆ ಚಿತ್ರ ಯಾವುದರಿಂದ ಹುಟ್ಟಿತೋ ಅದರದು. ಮಾತಿನ ವಿವರಣೆ ಇಲ್ಲ, ಆದರೆ ನೋಡುವವರಿಗೆ ಒಂದು ಕೈಹಿಡಿ ಸಿಗುತ್ತದೆ. ಗ್ಯಾಲರಿಯವರಿಗೆ ಇದು ಬಹಳ ಹಿಡಿಸಿತು. ಕಲಾವಿದೆ ಎರಡು ದಿನ ಯೋಚಿಸಿ ಆಗಲಿ ಎಂದರು. ಒಪ್ಪಿದ್ದು ದಣಿವಿನಿಂದ ಎಂದು ಈಗ ನನಗೆ ಅನ್ನಿಸುತ್ತದೆ.

ಉದ್ಘಾಟನೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾರವಾರದಲ್ಲಿ ಕಲೆಯ ಯಾವ ಸಮಾರಂಭವೂ ರವೀಂದ್ರನಾಥ ಟ್ಯಾಗೋರರ ಹೆಸರಿಲ್ಲದೆ ಮುಗಿಯುವುದಿಲ್ಲ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಎಳೆಯ ಹರೆಯದಲ್ಲಿ ಬಂದಿದ್ದನ್ನು ಅತಿಥಿಗಳು ಅಂದೂ ನೆನೆದರು. ಅದೇ ಟ್ಯಾಗೋರರು ಅರುವತ್ತು ದಾಟಿದ ಮೇಲೆ, ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಕೂಡಿಸಿ ಆಕಾರಗಳಾಗಿ ಬೆಳೆಸುತ್ತ ಚಿತ್ರಕಾರರಾದದ್ದನ್ನು ಯಾರಾದರೂ ಹೇಳಿದ್ದರೆ ಆ ಸಭೆಗೆ ಅದು ಹೆಚ್ಚು ಹೊಂದುತ್ತಿತ್ತು.

ಮೊದಲ ದಿನ ಎಲ್ಲರೂ ಖುಷಿಯಾಗಿದ್ದರು. ಜನ ಬಂದರು, ನಿಂತರು, ತಲೆದೂಗಿದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಕಸಿವಿಸಿಯಾಗತೊಡಗಿತು. ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಚಿತ್ರದ ಮುಂದಲ್ಲ, ಫೋಟೋದ ಮುಂದೆ. ಮೊದಲು ಫೋಟೋ ನೋಡುವುದು, ಆಮೇಲೆ ಚಿತ್ರದಲ್ಲಿ ಅದನ್ನು ಹುಡುಕುವುದು, ಸಿಕ್ಕ ಕೂಡಲೇ ‘ಹಾಂ, ಇದು ಆ ಬೇರು’ ಎಂದು ಮುಂದಕ್ಕೆ ಹೋಗುವುದು. ಮೂರನೆಯ ದಿನ ಬಂದ ಶಾಲಾ ಮಕ್ಕಳ ತಂಡ ಇದನ್ನು ಪೂರ್ತಿ ಆಟವಾಗಿಯೇ ಮಾಡಿಕೊಂಡಿತು. ‘ಹೊಂದಿಸಿ ಬರೆಯಿರಿ’ ಎಂಬ ಪರೀಕ್ಷೆಯ ಪ್ರಶ್ನೆ ಗೋಡೆಯ ಮೇಲೆ ಬಂದಂತೆ. ಮಕ್ಕಳ ಉತ್ಸಾಹದಲ್ಲಿ ದೋಷವಿರಲಿಲ್ಲ. ಪ್ರಶ್ನೆಪತ್ರಿಕೆ ನಾನು ತಯಾರಿಸಿದ್ದು.

ಇನ್ನೂ ಒಂದು ಹಾನಿ ಆಗಿತ್ತು. ಬೇರಿನಿಂದ ಗೆರೆಗೆ ಬರಲು ಕಲಾವಿದೆಗೆ ಹಿಡಿದದ್ದು ಆರು ವರ್ಷ. ಫೋಟೋ ಪಕ್ಕದಲ್ಲಿದ್ದಾಗ ಆ ಆರು ವರ್ಷ ಕಾಣುವುದೇ ಇಲ್ಲ. ಬೇರನ್ನು ಸರಿಯಾಗಿ ಬರೆಯಲು ಬಾರದೆ ಹೀಗೆ ಬರೆದಿದ್ದಾರೆ ಎಂಬ ಭಾವನೆ ಬರುತ್ತದೆ. ಒಬ್ಬ ಹಿರಿಯರು ಸೌಜನ್ಯದಿಂದಲೇ ‘ಫೋಟೋ ಬಹಳ ಚೆಂದ ಬಂದದೆ, ಯಾರು ತೆಗೆದದ್ದು?’ ಎಂದು ಕೇಳಿದರು. ತೆಗೆದದ್ದೂ ಕಲಾವಿದೆಯೇ, ತಮ್ಮ ಮೊಬೈಲಿನಲ್ಲಿ. ಅಂದು ರಾತ್ರಿ ಬಾಗಿಲು ಹಾಕುವಾಗ ಅವರು ಏಣಿ ತರಿಸಿ ಒಂದೊಂದಾಗಿ ಎಲ್ಲ ಫೋಟೋಗಳನ್ನೂ ಕಿತ್ತರು. ನಾನು ಏಣಿ ಹಿಡಿದುಕೊಂಡೆ. ಗ್ಯಾಲರಿಯವರು ಮರುದಿನ ಬೆಳಿಗ್ಗೆ ಬಂದು ಮುನಿಸಿಕೊಂಡರು. ಪ್ರದರ್ಶನದ ನಡುವೆ ಗೋಡೆ ಮುಟ್ಟುವ ಮೊದಲು ತಮಗೊಂದು ಮಾತು ಹೇಳಬೇಕಿತ್ತು ಎಂಬುದು ಅವರ ದೂರು, ಅದು ಸರಿಯಾದ ದೂರೇ.

ನಾಲ್ಕು ಮತ್ತು ಐದನೆಯ ದಿನ: ಬರಿ ಗೋಡೆ

ತಪ್ಪನ್ನು ತೆಗೆದರೆ ಸರಿಯಾಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಆಗಲಿಲ್ಲ. ನಾಲ್ಕನೆಯ ದಿನ ಬಂದವರು ಒಂದು ಸುತ್ತು ಹಾಕಿ, ಕಿಟಕಿಯ ಪಂಚೆ ಸರಿಸಿ ಕಡಲು ನೋಡಿ, ಇಳಿದುಹೋದರು. ಅಭಿಪ್ರಾಯ ಪುಸ್ತಕದಲ್ಲಿ ‘ಶುಭವಾಗಲಿ’ಗಳ ನಡುವೆ ‘ಅರ್ಥವಾಗಲಿಲ್ಲ, ಕ್ಷಮಿಸಿ’ ಎಂದೊಬ್ಬರು ಬರೆದಿದ್ದರು. ಆ ‘ಕ್ಷಮಿಸಿ’ಯಲ್ಲಿ ವ್ಯಂಗ್ಯವಿರಲಿಲ್ಲ, ತನ್ನದೇ ಕೊರತೆ ಎಂದು ಅವರು ತಿಳಿದಿದ್ದರು. ನೋಡಲು ಬಂದವರನ್ನು ಆ ಸ್ಥಿತಿಯಲ್ಲಿ ಮೆಟ್ಟಿಲು ಇಳಿಸಿದ್ದು ಫೋಟೋಗಿಂತ ಕೆಟ್ಟದ್ದು ಎಂದು ನನಗೆ ಅನ್ನಿಸಿತು. ಇದನ್ನು ಕಲಾವಿದೆ ಪೂರ್ತಿ ಒಪ್ಪಲಿಲ್ಲ. ಅರ್ಥವಾಗಲಿಲ್ಲ ಎಂದು ಬರೆದವರು ಎಷ್ಟು ಹೊತ್ತು ನಿಂತಿದ್ದರು ಎಂದು ಅವರು ಕೇಳಿದರು. ನನಗೆ ನೆನಪಿರಲಿಲ್ಲ.

ಐದನೆಯ ದಿನ ಸಂಜೆ ಜನ ಕಡಿಮೆಯಿದ್ದುದರಿಂದ ಬೇಸರ ಕಳೆಯಲು ಕಲಾವಿದೆ ಚೀಲದಿಂದ ಹಳೆಯ ಸ್ಕೆಚ್ ಪುಸ್ತಕವೊಂದನ್ನು ತೆಗೆದು ಬಾಗಿಲ ಬಳಿಯ ಮೇಜಿನ ಮೇಲೆ ಬಿಡಿಸಿಕೊಂಡು ಕೂತಿದ್ದರು. ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ಮೀನುಗಾರ ಕುಟುಂಬದ ತರುಣರೊಬ್ಬರು ಬಂದರು. ಗೋಡೆಯ ಸುತ್ತು ಮುಗಿಸಿ ಹೊರಡುವಾಗ ಅವರ ಕಣ್ಣು ಪುಸ್ತಕದ ಮೂಲೆಗೆ ಬಿತ್ತು. ಅಲ್ಲಿ ‘ಅಷ್ಟಮಿ, ಪೂರ್ತಿ ಇಳಿತ’ ಎಂದು ಬರೆದಿತ್ತು. ಆ ಪುಟದಿಂದ ಬೆಳೆದ ದೊಡ್ಡ ಕ್ಯಾನ್ವಾಸ್ ಅದರ ಎದುರಿಗೇ ಇದೆ ಎಂದು ಕಲಾವಿದೆ ತೋರಿಸಿದರು.

‘ಅಷ್ಟಮಿಗೆ ನೀರು ಇಷ್ಟು ಇಳಿಯುದಿಲ್ಲ ಅಕ್ಕೋರೆ’ ಎಂದರು ಅವರು.

ಅವರ ಮಾತು ನಿಜ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಕೂಡುವುದರಿಂದ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸೆಳೆತಗಳು ಅಡ್ಡವಾಗಿ ನಿಲ್ಲುವುದರಿಂದ ನೀರು ಹೆಚ್ಚು ಏರುವುದಿಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಕೊಂಕಣಿಯಲ್ಲಿ ಭರತಿ, ಸುಕತಿ ಎಂದು ದಿನವೂ ಲೆಕ್ಕ ಹಾಕುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಕಲಾವಿದೆ ತಡಬಡಿಸಿ ಪುಟಗಳನ್ನು ತಿರುವಿದರು. ಅಷ್ಟಮಿಯ ದಿನದ ಪುಟವನ್ನು ವಾರದ ನಂತರ ಅಮಾವಾಸ್ಯೆಯ ಇಳಿತದಲ್ಲಿ ಮುಂದುವರಿಸಿದ್ದರು, ನೀರಿನ ಸ್ಥಿತಿಯನ್ನು ತಿದ್ದಿದ್ದರು, ತಿಥಿಯನ್ನು ತಿದ್ದಲು ಮರೆತಿದ್ದರು. ತರುಣರು ಅಷ್ಟಕ್ಕೇ ಬಿಡದೆ ಕ್ಯಾನ್ವಾಸಿನ ಮುಂದೆ ಹೋಗಿ ನಿಂತು, ಕೆಳಗಿನ ಅರ್ಧ ಅಷ್ಟಮಿಯದು, ಮೇಲಿನ ಅರ್ಧ ಅಮಾವಾಸ್ಯೆಯದು, ಅದಕ್ಕೇ ಗೆರೆಗಳ ಅಂತರ ಬದಲಾಗಿದೆ ಎಂದು ವಾದಿಸತೊಡಗಿದರು. ಕಲಾವಿದೆ ಹಾಗಲ್ಲ, ಎಡ ಮತ್ತು ಬಲ ಎಂದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆಯಲ್ಲಿ ‘ಇದು ಎಂತದು’ ಎಂಬ ಪ್ರಶ್ನೆ ಒಂದು ಸಲವೂ ಬರಲಿಲ್ಲ. ಬೇರು ಎಂಬ ಪದವೂ ಬಂದ ನೆನಪಿಲ್ಲ.

ಆರನೆಯ ದಿನದಿಂದ

ಆ ರಾತ್ರಿಯ ತೀರ್ಮಾನವೇ ಈ ಪ್ರಕರಣದ ತಿರುವು. ಫೋಟೋ ಹೇಳುತ್ತಿದ್ದುದು ‘ಏನು’ ಎಂಬುದನ್ನು. ತಿಥಿ ಹೇಳುವುದು ‘ಯಾವಾಗ’ ಎಂಬುದನ್ನು ಮಾತ್ರ. ಏನೆಂಬುದು ನೋಡುವವರ ಪಾಲಿಗೆ ಉಳಿಯುತ್ತದೆ, ಆದರೆ ಅವರು ಬರಿಗೈಯಲ್ಲಿ ನಿಂತಿರುವುದಿಲ್ಲ. ಹೀಗಾಗಿ ಸಂಖ್ಯೆಗಳನ್ನು ತೆಗೆದು, ಸ್ಕೆಚ್ ಪುಸ್ತಕದ ಮೂಲೆಬರಹಗಳನ್ನೇ ಹೆಸರಾಗಿ ಬರೆದು ಅಂಟಿಸಿದೆವು: ‘ಹುಣ್ಣಿಮೆ, ನೀರು ತಿರುಗುವ ಹೊತ್ತು’, ‘ಅಷ್ಟಮಿ, ನಿಂತ ನೀರು’, ‘ಅಮಾವಾಸ್ಯೆಯ ಮರುದಿನ, ಇಳಿತ’. ವಾದಕ್ಕೆ ಕಾರಣವಾದ ಚಿತ್ರಕ್ಕೆ ‘ಅಷ್ಟಮಿ ಮತ್ತು ಅಮಾವಾಸ್ಯೆ’ ಎಂಬ ಹೆಸರು ಬಂತು. ಮೂಲೆಬರಹವಿಲ್ಲದ ಏಳು ಚಿತ್ರಗಳಿಗೆ ಗ್ಯಾಲರಿಯವರು ಹೊಂದುವ ಒಂದೊಂದು ತಿಥಿ ಇಟ್ಟುಬಿಡೋಣ ಎಂದರು. ಕಲಾವಿದೆ ಒಪ್ಪಲಿಲ್ಲ. ಅವು ಹೆಸರಿಲ್ಲದೆಯೇ ಉಳಿದವು. ಈ ಹಟದ ಬೆಲೆ ನನಗೆ ಆಮೇಲೆ ತಿಳಿಯಿತು: ಹೆಸರಿದ್ದ ಹದಿನಾರನ್ನು ನೋಡಿ ಬಂದವರು ಹೆಸರಿಲ್ಲದ ಏಳರ ಮುಂದೆ ನಿಂತು, ಇದು ಯಾವ ನೀರಿರಬಹುದು ಎಂದು ತಾವೇ ಮಾತಾಡಿಕೊಳ್ಳುತ್ತಿದ್ದರು. ಎಲ್ಲಕ್ಕೂ ಹೆಸರಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಎರಡನೆಯ ಬದಲಾವಣೆ, ಹನ್ನೊಂದು ಸ್ಕೆಚ್ ಪುಸ್ತಕಗಳನ್ನು ಕೋಣೆಯ ನಡುವಿನ ಮೇಜಿನ ಮೇಲೆ ಯಾರು ಬೇಕಾದರೂ ತಿರುವಿ ನೋಡುವಂತೆ ಇಟ್ಟದ್ದು. ಬೇರು ಬೇರಾಗಿಯೇ ಇದ್ದ ಮೊದಲ ವರ್ಷದಿಂದ ಗೆರೆಯಷ್ಟೇ ಉಳಿದ ಕೊನೆಯ ವರ್ಷದವರೆಗೆ ಅಲ್ಲಿ ಎಲ್ಲವೂ ಇತ್ತು. ಫೋಟೋ ಮತ್ತು ಸ್ಕೆಚ್ ಪುಸ್ತಕ ಎರಡೂ ಚಿತ್ರದ ಮೂಲವನ್ನೇ ತೋರಿಸುತ್ತವಲ್ಲ, ಒಂದು ಕೆಡಿಸಿ ಇನ್ನೊಂದು ಉಳಿಸಿದ್ದು ಹೇಗೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನನಗೆ ತೋಚಿದ ಕಾರಣಗಳು ಎರಡು. ಫೋಟೋ ಚಿತ್ರದ ಪಕ್ಕದಲ್ಲಿತ್ತು, ಪುಸ್ತಕ ದೂರದಲ್ಲಿತ್ತು; ಎಂಟು ಹೆಜ್ಜೆ ನಡೆದು ಹೋಗಿ ಬರುವಷ್ಟರಲ್ಲಿ ಹೊಂದಿಸಿ ಬರೆಯುವ ಆತುರ ಇಳಿಯುತ್ತದೆ. ಫೋಟೋದಲ್ಲಿ ಮುಗಿದುಹೋದ ಬೇರಿತ್ತು, ಪುಸ್ತಕದಲ್ಲಿ ಬೇರನ್ನು ಬಿಟ್ಟುಕೊಡುವ ಕೈಯ ತಡವರಿಕೆ ಇತ್ತು, ಅಳಿಸಿದ್ದೂ ತಿದ್ದಿದ್ದೂ ಇತ್ತು. ಮೊದಲನೆಯ ಕಾರಣ ಹೆಚ್ಚು ಮುಖ್ಯವಿರಬಹುದು ಎಂದು ನನ್ನ ಅನುಮಾನ, ಆದರೆ ಅದನ್ನು ಬೇರೆಮಾಡಿ ಪರೀಕ್ಷಿಸಲು ನಮಗೆ ದಿನಗಳು ಉಳಿದಿರಲಿಲ್ಲ.

ಮೂರನೆಯ ಪ್ರಯೋಗ ಅರ್ಧ ಫಲಿಸಿತು. ಗ್ಯಾಲರಿಗಳಲ್ಲಿ ಚಿತ್ರದ ನಡುಬಿಂದು ನೆಲದಿಂದ 57–60 ಅಂಗುಲ ಎತ್ತರಕ್ಕೆ, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ ಬರುವಂತೆ ತೂಗುಹಾಕುವುದು ರೂಢಿ. ಆದರೆ ಏಡಿಯ ಗುಳಿಗೆಗಳನ್ನು ಯಾರೂ ಕಣ್ಣಿನ ಮಟ್ಟದಲ್ಲಿ ನೋಡುವುದಿಲ್ಲ, ಕುಕ್ಕರಗಾಲಿನಲ್ಲಿ ಕೂತು ಬಗ್ಗಿ ನೋಡುತ್ತಾರೆ. ಕಲಾವಿದೆ ಅವನ್ನು ಬರೆದದ್ದೂ ಹಾಗೆಯೇ. ಆ ಸರಣಿಯ ಎರಡು ಸಣ್ಣ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಮೊಣಕಾಲೆತ್ತರದ ಹಲಗೆಯ ಮೇಲೆ ಮಲಗಿಸಿದೆವು. ನೋಡುವವರು ತಾವಾಗಿಯೇ ಸುತ್ತ ತಿರುಗಿ ನೋಡಿದರು. ಮೇಲು ಕೆಳಗು ಎಂಬುದು ಇಲ್ಲವಾದದ್ದರಿಂದ ಆ ಎರಡು ಚಿತ್ರಗಳು ಗೋಡೆಯ ಮೇಲಿದ್ದುದಕ್ಕಿಂತ ಬಹಳ ಜೀವಂತವಾದವು. ಆದರೆ ಕಡಲಗಾಳಿಯ ಧೂಳು ಗಂಟೆಗೊಮ್ಮೆ ಒರೆಸಬೇಕಾಯಿತು, ಒಂದು ಮಗು ಅಂಗೈ ಊರಿತು, ಒಬ್ಬರು ಮೊಬೈಲ್ ಇಟ್ಟು ಫೋನಿನಲ್ಲಿ ಮಾತು ಮುಗಿಸಿದರು. ಎಂಟನೆಯ ದಿನ ಸುತ್ತ ಹಗ್ಗ ಕಟ್ಟಿದೆವು. ಹಗ್ಗ ಕಟ್ಟಿದ ಮೇಲೆ ಯಾರೂ ಬಗ್ಗಲಿಲ್ಲ.

ಹಣದ ವಿಚಾರವನ್ನು ಬೇಗ ಹೇಳಿ ಮುಗಿಸಬಹುದು. ಎತ್ತರ ಅಗಲಗಳ ಅಂಗುಲಗಳನ್ನು ಕೂಡಿಸಿ ಒಂದು ದರದಿಂದ ಗುಣಿಸುವ ಸಾಮಾನ್ಯ ಕ್ರಮದಲ್ಲಿ ಬೆಲೆ ಇಟ್ಟಿದ್ದೆವು. ಐದು ಮಾರಾಟವಾದವು, ಎಲ್ಲವೂ ಸಣ್ಣವು, ನಾಲ್ಕು ಆರನೆಯ ದಿನದ ನಂತರ. ಚೌಕಟ್ಟು, ಸಾಗಣೆ, ಎರಡು ಸಲದ ಆಮಂತ್ರಣ, ಗ್ಯಾಲರಿಯ ಪಾಲು ಎಲ್ಲ ಕಳೆದರೆ ಕೈಯಿಂದಲೇ ಹೋಯಿತು. ಹೆಸರು ಬದಲಾದದ್ದರಿಂದಲೇ ಮಾರಾಟವಾಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಕೊನೆಯ ಎರಡು ದಿನ ಶನಿವಾರ ಭಾನುವಾರವಾಗಿದ್ದವು. ಗೋಕರ್ಣದ ಕಡೆ ಹೋಂಸ್ಟೇ ನಡೆಸುವವರೊಬ್ಬರು ಒಂದೇ ಅಳತೆಯ ಮೂರು ಚಿತ್ರ ಬೇಕು, ಕೆಸರಿನ ಬಣ್ಣದ ಬದಲು ಹಸಿರಿನಲ್ಲಿ ಬರೆದುಕೊಡಿ ಎಂದು ಮುಂಗಡ ಕೊಡಲು ಬಂದರು. ನಷ್ಟದ ಲೆಕ್ಕ ಕೈಯಲ್ಲಿ ಹಿಡಿದಿದ್ದ ನಾನು ಒಪ್ಪಿಕೊಳ್ಳಿ ಎಂದೆ. ಕಲಾವಿದೆ ಮುಂಗಡ ತೆಗೆದುಕೊಳ್ಳಲಿಲ್ಲ. ಹಸಿರು ಬರೆಯಬಾರದೆಂದೇನಿಲ್ಲ, ಆದರೆ ಹಸಿರಿಗೆ ಬೇರೆ ಆರು ವರ್ಷ ಬೇಕು ಎಂದರು. ಇದು ತಮಾಷೆಯೋ ನಿಜವೋ ಕೇಳಲು ಬಂದವರಿಗೆ ತಿಳಿಯಲಿಲ್ಲ, ನನಗೂ ತಿಳಿದಿಲ್ಲ.

ಈ ಪ್ರಕರಣದಿಂದ ಬೇರೆಯವರಿಗೆ ಏನು ಸಿಗಬಹುದು

ಪ್ರದರ್ಶನ ಏರ್ಪಡಿಸುವವರಿಗೆ ನಾನು ಖಚಿತವಾಗಿ ಹೇಳಬಲ್ಲ ಮಾತುಗಳು ಕಡಿಮೆ. ನೋಡುಗರಿಗೆ ನೆರವು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಾವು ವಾರಗಟ್ಟಲೆ ಕಳೆದೆವು. ಯಾವ ಬಗೆಯ ನೆರವು ಎಂದು ಕೇಳಿಕೊಂಡಿದ್ದರೆ ಮೂರು ದಿನ ಉಳಿಯುತ್ತಿತ್ತು. ಸರಿಯಾದ ನೆರವು ಹೊರಗಿನಿಂದ ಬರಲಿಲ್ಲ, ಕಲಾವಿದೆಯ ಕೆಲಸದ ಕ್ರಮದೊಳಗೇ ಇತ್ತು, ಮತ್ತು ಅದನ್ನು ಮೊದಲು ಕಂಡವರು ಸಂಯೋಜಕನಾದ ನಾನಲ್ಲ. ಇನ್ನೊಂದು ಸಲ ಇಂಥ ಹೊಣೆ ಬಂದರೆ ನಾನು ಮುಗಿದ ಚಿತ್ರಗಳ ಪಟ್ಟಿ ಕೇಳುವ ಮೊದಲು ಕಲಾವಿದರ ಟಿಪ್ಪಣಿ, ಬಿಲ್ಲು, ಕ್ಯಾಲೆಂಡರುಗಳನ್ನು ಕೇಳುತ್ತೇನೆ. ಪ್ರದರ್ಶನದ ನಡುವೆ ಬದಲಾವಣೆ ಮಾಡುವ ಸ್ವಾತಂತ್ರ್ಯವನ್ನು ಗ್ಯಾಲರಿಯ ಒಪ್ಪಂದದಲ್ಲಿಯೇ ಬರೆಸಿಕೊಳ್ಳುತ್ತೇನೆ. ಬೂಷ್ಟಿನ ವಿಚಾರದಲ್ಲಿ ಹೇಳುವುದಾದರೆ, ಕರಾವಳಿಯಲ್ಲಿ ದೀಪಾವಳಿಗೆ ಮೊದಲು ಕ್ಯಾನ್ವಾಸಿನ ಪ್ರದರ್ಶನ ಇಟ್ಟುಕೊಳ್ಳುವುದಿಲ್ಲ.

ತಿಥಿಯ ಹೆಸರುಗಳನ್ನು ಮಾತ್ರ ಒಂದು ಸೂತ್ರವೆಂದು ಯಾರೂ ತೆಗೆದುಕೊಳ್ಳಬಾರದು. ಅದು ಫಲಿಸಿದ್ದು ಕಾರವಾರದಲ್ಲಿ, ಭರತ ಇಳಿತಗಳು ದೋಣಿ ಇಳಿಸುವ ಹೊತ್ತನ್ನೂ ಚಿಪ್ಪಿ ಆರಿಸುವ ಹೊತ್ತನ್ನೂ ಗೊತ್ತುಮಾಡುವ ಊರಿನಲ್ಲಿ. ಅಲ್ಲಿಯೂ ಬೇರೆ ಊರುಗಳಿಂದ ವರ್ಗವಾಗಿ ಬಂದ ಅಧಿಕಾರಿಗಳಿಗೆ ಆ ಹೆಸರುಗಳು ಏನನ್ನೂ ಹೇಳಲಿಲ್ಲ. ಅವರಲ್ಲೊಬ್ಬರು ‘ಅಷ್ಟಮಿ’ ಎಂಬುದನ್ನು ಕೃಷ್ಣಾಷ್ಟಮಿಗೆ ಜೋಡಿಸಿಕೊಂಡು ಚಿತ್ರದಲ್ಲಿ ಕೊಳಲನ್ನು ಹುಡುಕಿದರು, ಮತ್ತು ಕಂಡುಕೊಂಡರು.

ಈಗ ಇದೇ ಚಿತ್ರಗಳು ಶಿರಸಿಗೆ ಹೋಗಬೇಕಾಗಿದೆ. ಕಲಾವಿದೆಯ ತವರಿನವರು ಮಗಳ ಕೆಲಸವನ್ನು ಇನ್ನೂ ಒಟ್ಟಾಗಿ ನೋಡಿಲ್ಲ. ಘಟ್ಟದ ಮೇಲೆ ಭರತವಿಲ್ಲ, ಇಳಿತವಿಲ್ಲ. ಅಲ್ಲಿ ಅಮಾವಾಸ್ಯೆ ಎಂದರೆ ಹಿರಿಯರ ದಿನ, ಏಕಾದಶಿ ಎಂದರೆ ಉಪವಾಸ. ಹೆಸರುಗಳನ್ನು ಹಾಗೆಯೇ ಉಳಿಸುವುದೋ, ತೆಗೆಯುವುದೋ, ತೋಟ ಮತ್ತು ಹಳ್ಳದ ಹೊಸ ಹೆಸರು ಹುಡುಕುವುದೋ ಇನ್ನೂ ತೀರ್ಮಾನವಾಗಿಲ್ಲ. ತೋಟದ ಹೆಸರಿಟ್ಟರೆ ಸುಳ್ಳಾಗುತ್ತದೆ ಎಂದು ಕಲಾವಿದೆ ಹೇಳುತ್ತಾರೆ. ಹನ್ನೊಂದು ಸ್ಕೆಚ್ ಪುಸ್ತಕಗಳನ್ನು ಮಾತ್ರ ಮೊದಲು ಕಳುಹಿಸಿದ್ದಾರೆ, ಅವರ ತಾಯಿ ತಿರುವಿ ನೋಡಲಿ ಎಂದು. ಹೋದ ವಾರ ಫೋನು ಬಂದಿತ್ತಂತೆ: ಮೂರನೆಯ ಪುಸ್ತಕದ ನಡುವಿನ ಪುಟಗಳಿಗೆ ಮತ್ತೆ ಬೂಷ್ಟು ಬಂದಿದೆ, ಅಟ್ಟದ ಮೇಲೆ ಅಡಿಕೆಯ ಜೊತೆ ಒಣಗಿಸಲು ಇಟ್ಟಿದ್ದೇನೆ, ಅಡ್ಡಿಯಿಲ್ಲವಲ್ಲ ಎಂದು.